ಮೂಲ ಕಥೆ ಗೊತ್ತಿಲ್ಲದವರಿಗೂ ಅರ್ಥ ಆಗಬೇಕು, ಗೊತ್ತಿರುವವರಿಗೂ ಬೇಜಾರಾಗಬಾರದು: ಫ್ಯಾನ್ ಫಿಕ್ಷನ್ ಬರೆಯುವವರು ಇದನ್ನು ಹೇಗೆ ನಿಭಾಯಿಸುತ್ತೀರಿ?

ಎಲ್ಲರಿಗೂ ನಮಸ್ಕಾರ. ಒಂದು ಉದ್ದದ ಫ್ಯಾಂಟಸಿ ಸರಣಿಯ ಮೇಲೆ ಫ್ಯಾನ್ ಫಿಕ್ಷನ್, ಅಂದರೆ ಅಭಿಮಾನಿಯಾಗಿ ಅದೇ ಪಾತ್ರಗಳನ್ನಿಟ್ಟು ನನ್ನದೇ ಕಥೆ, ಬರೆಯುತ್ತಿದ್ದೇನೆ. ಮೂರನೇ ಸೀಸನ್ ಕೊನೆಯಲ್ಲಿ ಸಾಯುವ ಒಂದು ಪಾತ್ರ ಬದುಕಿ ಉಳಿದಿದ್ದರೆ ಏನಾಗುತ್ತಿತ್ತು ಅನ್ನೋದು ನನ್ನ ಕಥೆ. ಮೊದಲ ಅಧ್ಯಾಯವನ್ನು ಇಬ್ಬರಿಗೆ ಓದಲು ಕೊಟ್ಟೆ. ಸರಣಿ ನೋಡದವರು "ಇವರೆಲ್ಲ ಯಾರು, ಯಾಕೆ ಇಷ್ಟು ಸಿಟ್ಟು" ಅಂದರು. ನೋಡಿದವರು "ಮೊದಲ ಎರಡು ಪುಟ ಹಾರಿಸಿ ಓದಿದೆ, ಗೊತ್ತಿರೋದನ್ನೇ ಹೇಳಿದ್ದೀರಿ" ಅಂದರು. ಹಿನ್ನೆಲೆ ಎಷ್ಟು ಹೇಳಬೇಕು, ಎಲ್ಲಿ ಹೇಳಬೇಕು? ಜತೆಗೆ ನಾಲ್ಕನೇ ಸೀಸನ್ ಬೇರೆ ಬರ್ತಿದೆ. ಅದು ನನ್ನ ಕಥೆಗೆ ತಾಳೆಯಾಗದಿದ್ದರೆ ಏನು ಮಾಡೋದು? ನಿಮ್ಮ ನಿಮ್ಮ ಅನುಭವ ಹೇಳಿ.

* * *

ಎರಡೂ ದೂರಿನ ಬೇರು ಒಂದೇ ಅನ್ನಿಸುತ್ತೆ. ಆ ಎರಡು ಪುಟದಲ್ಲಿ ನೀವು ನೇರವಾಗಿ ಓದುಗರ ಜತೆ ಮಾತಾಡಿದ್ದೀರಿ. ಕಥೆಯೊಳಗಿನ ಯಾರಿಗೂ ಆ ಹೊತ್ತಿಗೆ ಆ ವಿಷಯ ಬೇಕಾಗಿಲ್ಲ. ಹಾಗಾಗಿ ಗೊತ್ತಿದ್ದವರು ಹಾರಿಸಿದರು, ಗೊತ್ತಿಲ್ಲದವರು ಓದಿದರೂ ತಲೆಗೆ ಹತ್ತಲಿಲ್ಲ.

ನಾನು ಮಾಡೋದು ಹೀಗೆ. ಮೊದಲ ಕರಡಿನಲ್ಲಿ ಹಿನ್ನೆಲೆ ಒಂದು ಸಾಲೂ ಹಾಕಲ್ಲ. ಓದುವವರೆಲ್ಲ ನನ್ನಷ್ಟೇ ಬಲ್ಲವರು ಅಂದುಕೊಂಡು ಬರೆದು ಮುಗಿಸುತ್ತೇನೆ. ಆಮೇಲೆ ಮೂಲ ಏನೂ ಗೊತ್ತಿಲ್ಲದ ಒಬ್ಬರಿಗೆ ಕೊಟ್ಟು, ಎಲ್ಲೆಲ್ಲಿ ನಿಂತಿರೋ ಅಲ್ಲಲ್ಲಿ ಗುರುತು ಹಾಕಿ ಅಂತ ಕೇಳುತ್ತೇನೆ. ಗುರುತು ಹಾಕಿದ ಪ್ರತಿ ಜಾಗಕ್ಕೂ ಇನ್ನೊಂದು ಪ್ರಶ್ನೆ: ಇಲ್ಲಿ ಅರ್ಥ ಆಗಲಿಲ್ವಾ, ಅಥವಾ ಮುಂದೆ ಗೊತ್ತಾಗಲಿ ಅಂತ ಕುತೂಹಲ ಹುಟ್ಟಿತಾ? ಕುತೂಹಲ ಹುಟ್ಟಿದ ಜಾಗ ಮುಟ್ಟಬೇಡಿ. ಅದು ನಿಮ್ಮ ಆಸ್ತಿ. ಅರ್ಥವೇ ಆಗದ ಜಾಗಕ್ಕೆ ಮಾತ್ರ ಒಂದೊಂದು ಸಾಲು ಸೇರಿಸಿ. ನಾವು ಭಯಪಟ್ಟಷ್ಟು ಗುರುತು ಯಾವತ್ತೂ ಬರಲ್ಲ. ಓದುಗರು ಜಾಣರು. ಇಬ್ಬರು ಎದುರುಬದುರು ಕೂತು ಮಾತಾಡದೆ ಇದ್ದರೆ ಏನೋ ನಡೆದಿದೆ ಅಂತ ಅವರಿಗೆ ತಿಳಿಯುತ್ತೆ, ಏನು ಅನ್ನೋದಕ್ಕೆ ಸ್ವಲ್ಪ ಹೊತ್ತು ಕಾಯುತ್ತಾರೆ.

ಸೇರಿಸುವ ಸಾಲು ಹೇಗಿರಬೇಕು ಅನ್ನೋದೇ ಕಷ್ಟದ ಭಾಗ. ಒಂದು ಉದಾಹರಣೆ ಕಟ್ಟಿ ಹೇಳ್ತೀನಿ. ಹೀಗೆ ಬರೆಯಬಹುದು: "ಐದು ವರ್ಷದ ಹಿಂದೆ ಕೋಟೆಯ ಯುದ್ಧದಲ್ಲಿ ತನ್ನ ಅಣ್ಣನನ್ನು ಕೊಂದ ಸೇನಾಪತಿಯೇ ಈಗ ಅವಳ ಎದುರು ಕೂತಿದ್ದ." ಎಲ್ಲ ಮಾಹಿತಿಯೂ ಇದೆ. ಆದರೆ ಮೂಲ ಬಲ್ಲವರಿಗೆ ಇದರಲ್ಲಿ ಹೊಸದೇನೂ ಇಲ್ಲ. ಅದನ್ನೇ ಹೀಗೆ ಬರೆದರೆ: "ಅವನು ನೀರಿನ ಪಾತ್ರೆ ಚಾಚಿದ. ಅವಳು ಕೈ ಮುಂದೆ ಮಾಡಲಿಲ್ಲ. ಅಣ್ಣನ ಉಂಗುರ ಅವನ ಬೆರಳಲ್ಲಿ ಇನ್ನೂ ಸಡಿಲವಾಗಿಯೇ ಇತ್ತು." ಗೊತ್ತಿಲ್ಲದವರಿಗೆ ಅಣ್ಣ ಇದ್ದ, ಈಗಿಲ್ಲ, ಅದರಲ್ಲಿ ಇವನ ಕೈವಾಡ ಇದೆ ಅನ್ನೋದು ಸಿಕ್ಕಿತು. ಗೊತ್ತಿದ್ದವರಿಗೆ ಉಂಗುರ ಸಿಕ್ಕಿತು, ಅದು ಮೂಲದಲ್ಲಿ ಇರಲಿಲ್ಲ. ಹಳೆ ವಿಷಯ ಹೇಳುವ ಪ್ರತಿ ಸಾಲಿನಲ್ಲೂ ಬಲ್ಲವರಿಗಾಗಿ ಒಂದು ಹೊಸ ಚೂರು ಇರಲಿ. ನನ್ನ ಮಟ್ಟಿಗೆ ಇದೊಂದು ಅಭ್ಯಾಸ ಆದರೆ ನಿಮ್ಮ ಮೊದಲ ಪ್ರಶ್ನೆಯ ಮುಕ್ಕಾಲು ಪಾಲು ಬಗೆಹರಿಯುತ್ತೆ.

ಒಂದು ಎಚ್ಚರಿಕೆ. ಹಿನ್ನೆಲೆ ಹೇಳಬೇಕು ಅಂತ ಇಬ್ಬರು ಪಾತ್ರಗಳ ಕೈಲಿ, ಇಬ್ಬರಿಗೂ ಗೊತ್ತಿರುವ ವಿಷಯ ಮಾತಾಡಿಸಬೇಡಿ. "ನಿನಗೆ ಗೊತ್ತಲ್ಲ, ನಮ್ಮ ತಂದೆ ಹತ್ತು ವರ್ಷ ಸೆರೆಯಲ್ಲಿದ್ದರು" ಅಂತ ತಮ್ಮ ಅಕ್ಕನಿಗೆ ಹೇಳೋದು ಯಾವ ಮನೆಯಲ್ಲೂ ನಡೆಯಲ್ಲ. ಜಗಳದಲ್ಲಾದರೆ ನಡೆಯುತ್ತೆ. ಜಗಳದಲ್ಲಿ ಜನ ಹಳೆಯದನ್ನೆಲ್ಲ ಎತ್ತಿ ಆಡ್ತಾರೆ, ಅದೂ ತಮಗೆ ಬೇಕಾದ ಹಾಗೆ ತಿರುಚಿ.

* * *

ಹಿನ್ನೆಲೆ ಬಗ್ಗೆ ಮೇಲಿನವರು ಚೆನ್ನಾಗಿ ಹೇಳಿದ್ದಾರೆ. ನಾನು ಕಂಟಿನ್ಯುಟಿ, ಅಂದರೆ ಹಿಂದಿನದಕ್ಕೆ ಮುಂದಿನದು ತಾಳೆಯಾಗೋದರ ಬಗ್ಗೆ ಹೇಳ್ತೀನಿ, ಅದು ನನ್ನ ಹುಚ್ಚು.

ಬರೆಯಲು ಕೂರುವ ಮೊದಲು ಒಂದು ವಿಷಯ ಖಚಿತ ಮಾಡಿಕೊಳ್ಳಿ: ನಿಮ್ಮ ಕಥೆ ಮೂಲದಿಂದ ಕವಲೊಡೆಯುವುದು ಯಾವ ಕ್ಷಣದಲ್ಲಿ? "ಮೂರನೇ ಸೀಸನ್ ಕೊನೆ" ಅಂದರೆ ಸಾಲದು. ಯಾವ ದೃಶ್ಯ, ಯಾವ ಮಾತು ಆದ ಮೇಲೆ? ಆ ಗೆರೆಗಿಂತ ಹಿಂದಿನದೆಲ್ಲ ಮೂಲಕ್ಕೆ ನಿಷ್ಠೆಯಾಗಿರಬೇಕು. ಮುಂದಿನದೆಲ್ಲ ನಿಮ್ಮದೇ ಕಥೆಗೆ ನಿಷ್ಠೆಯಾಗಿರಬೇಕು. ಈ ಎರಡನೇ ಮಾತನ್ನು ತುಂಬಾ ಜನ ಮರೆಯುತ್ತಾರೆ. ಮೂಲವನ್ನು ಅರೆದು ಕುಡಿದಿರುತ್ತಾರೆ, ತಮ್ಮದೇ ನಾಲ್ಕನೇ ಅಧ್ಯಾಯದಲ್ಲಿ ಏನು ಬರೆದೆವು ಅನ್ನೋದು ಹನ್ನೊಂದನೇ ಅಧ್ಯಾಯದ ಹೊತ್ತಿಗೆ ನೆನಪಿರಲ್ಲ.

ಆಮೇಲೆ ಒಂದು ಪಟ್ಟಿ. ದಿನಾಂಕ, ವಯಸ್ಸು, ಗಾಯ, ಊರಿಂದ ಊರಿಗೆ ಎಷ್ಟು ದಿನದ ದಾರಿ, ಇವೆಲ್ಲ ಎಲ್ಲರೂ ಬರೆದುಕೊಳ್ಳುತ್ತಾರೆ. ಅದಕ್ಕಿಂತ ಮುಖ್ಯವಾದದ್ದು ಕವಲೊಡೆಯುವ ಹೊತ್ತಿಗೆ ಯಾವ ಪಾತ್ರಕ್ಕೆ ಏನು ಗೊತ್ತು ಅನ್ನೋ ಪಟ್ಟಿ. ನಾವು ಇಡೀ ಸರಣಿ ನೋಡಿ ಮುಗಿಸಿದವರು. ದ್ರೋಹಿ ಯಾರು ಅಂತ ನಮಗೆ ಗೊತ್ತು, ಆದರೆ ಕಥೆಯ ಆ ಕ್ಷಣದಲ್ಲಿ ನಾಯಕಿಗೆ ಗೊತ್ತಿರಲ್ಲ. ಅವಳು ಅವನ ಜತೆ ಮಾತಾಡುವಾಗ ಸುಮ್ಮನೆ ಒಂದು ಹುಬ್ಬು ಮೇಲೆ ಹೋದರೂ ಸಾಕು, ಗಮನಿಸಿ ಓದುವವರಿಗೆ ಇದು ಅವಳ ಅನುಮಾನ ಅಲ್ಲ, ಬರೆದವರ ತಿಳಿವಳಿಕೆ ಅಂತ ಗೊತ್ತಾಗಿಬಿಡುತ್ತೆ. ಸತ್ತ ಪಾತ್ರವನ್ನು ಬದುಕಿಸುವ ನಿಮ್ಮಂಥ ಕಥೆಯಲ್ಲಿ ಇದು ಇನ್ನೂ ಜಾಸ್ತಿ. ಆ ಪಾತ್ರ ಸತ್ತ ಮೇಲೆ ಬಯಲಾದ ಗುಟ್ಟುಗಳು ನಿಮ್ಮ ಕಥೆಯಲ್ಲಿ ಇನ್ನೂ ಗುಟ್ಟಾಗಿಯೇ ಇವೆ ಅಲ್ವಾ? ಅವು ಬಯಲಾಗೋದಕ್ಕೆ ಆ ಸಾವೇ ಕಾರಣವಾಗಿದ್ದರೆ, ನಿಮ್ಮಲ್ಲಿ ಅವು ಬೇರೆ ದಾರಿಯಲ್ಲಿ ಹೊರಬರಬೇಕು, ಅಥವಾ ಬರಲೇಬಾರದು.

ಹಾಗಂತ ಪ್ರತಿ ಸಣ್ಣ ವ್ಯತ್ಯಾಸಕ್ಕೂ ನಿದ್ದೆಗೆಡಬೇಡಿ. ಷರ್ಲಾಕ್ ಹೋಮ್ಸ್ ಕಥೆಗಳನ್ನೇ ನೋಡಿ. 1887ರ ಮೊದಲ ಕಾದಂಬರಿಯಲ್ಲಿ ಕಥೆ ಹೇಳುವ ಗೆಳೆಯ ವಾಟ್ಸನ್‌ಗೆ ಗುಂಡು ಬಿದ್ದದ್ದು ಭುಜಕ್ಕೆ, 1890ರ ಎರಡನೆಯದರಲ್ಲಿ ಗಾಯ ಕಾಲಿನಲ್ಲಿದೆ. ಜಾನ್ ವಾಟ್ಸನ್‌ನನ್ನು ಒಂದು ಕಥೆಯಲ್ಲಿ ಹೆಂಡತಿಯೇ ಜೇಮ್ಸ್ ಅಂತ ಕರೆಯುತ್ತಾಳೆ. ಇದರಿಂದ ಯಾರೂ ಓದೋದು ಬಿಡಲಿಲ್ಲ. ಉಲ್ಟಾ, ಅಭಿಮಾನಿಗಳು ಆ ಬಿರುಕುಗಳಿಗೆ ಕಾರಣ ಹುಡುಕೋದನ್ನೇ ಒಂದು ಆಟ ಮಾಡಿಕೊಂಡರು. 1911ರಲ್ಲಿ ರೊನಾಲ್ಡ್ ನಾಕ್ಸ್ ಅನ್ನೋ ಇಂಗ್ಲಿಷ್ ಲೇಖಕರು ಆಕ್ಸ್‌ಫರ್ಡಿನಲ್ಲಿ ಅದರ ಮೇಲೆ ಪ್ರಬಂಧವನ್ನೇ ಓದಿದರು. ಗಾಯ ಎಲ್ಲಿದ್ದರೂ ಕಥೆ ಓಡುತ್ತೆ. ಆದರೆ ಹೋಮ್ಸ್‌ನ ದೊಡ್ಡ ಶತ್ರು ಮೊರಿಯಾರ್ಟಿಯ ವಿಷಯ ಬೇರೆ. 1893ರ ಕಥೆಯಲ್ಲಿ ಆ ಹೆಸರನ್ನೇ ಕೇಳಿಲ್ಲ ಅನ್ನುವ ವಾಟ್ಸನ್, ಅದಕ್ಕಿಂತ ಮೊದಲು ನಡೆದ ಘಟನೆ ಹೇಳುವ, ಆದರೆ ಆಮೇಲೆ ಬರೆದ ಕಾದಂಬರಿಯಲ್ಲಿ ಮೊದಲ ಅಧ್ಯಾಯಕ್ಕೇ ಅವನ ಬಗ್ಗೆ ಬಲ್ಲವನಂತೆ ಮಾತಾಡುತ್ತಾನೆ. ಇದು ನನಗೆ ಭುಜ-ಕಾಲಿಗಿಂತ ದೊಡ್ಡದಾಗಿ ಕಾಣುತ್ತೆ. ಯಾಕೆಂದರೆ ಮೊದಲ ಸಲ ಆ ಹೆಸರು ಕೇಳುವ ದೃಶ್ಯದ ಜೀವವೇ ವಾಟ್ಸನ್‌ಗೆ ಅದು ಗೊತ್ತಿಲ್ಲದೆ ಇರೋದರಲ್ಲಿದೆ. ತಿದ್ದೋಕೆ ಸಮಯ ಕಡಿಮೆ ಇದ್ದರೆ ಇಂಥದ್ದನ್ನು ಮೊದಲು ತಿದ್ದಿ, ಕಣ್ಣಿನ ಬಣ್ಣ ಆಮೇಲೆ ನೋಡೋಣ.

* * *

ಮೇಲಿನವರು ಹೇಳಿದ ಪಟ್ಟಿಗೆ ಒಂದು ಸೇರಿಕೆ. ಮಾಹಿತಿಯನ್ನು ಅಭಿಮಾನಿಗಳ ವಿಕಿಯಿಂದ ಎತ್ತಬೇಡಿ, ಆದಷ್ಟು ಮೂಲ ದೃಶ್ಯವನ್ನೇ ಮತ್ತೆ ನೋಡಿ. ಹತ್ತಾರು ಫ್ಯಾನ್ ಕಥೆಗಳು ಒಂದೇ ವಿಷಯ ಹೇಳಿ ಹೇಳಿ ಅದು ಕ್ಯಾನನ್, ಅಂದರೆ ಮೂಲದಲ್ಲೇ ಇರುವ ಸಂಗತಿ, ಅನ್ನೋ ಹಾಗಾಗಿರುತ್ತೆ, ಮೂಲದಲ್ಲಿ ಹುಡುಕಿದರೆ ಇರಲ್ಲ. ಅಭಿಮಾನಿಗಳೇ ಹುಟ್ಟಿಸಿದ ಆ ಫ್ಯಾನನ್ ನಿಮಗೆ ಇಷ್ಟವಾದರೆ ಧಾರಾಳವಾಗಿ ಬಳಸಿ, ಆದರೆ ಗೊತ್ತಿದ್ದು ಬಳಸಿ. ಪುಸ್ತಕ ಒಂದು ಹೇಳಿ ಅದರ ತೆರೆಯ ರೂಪ ಇನ್ನೊಂದು ಹೇಳಿದರೆ ಯಾವುದಾದರೂ ಒಂದನ್ನು ಹಿಡಿದುಕೊಳ್ಳಿ.

* * *

ಹಿನ್ನೆಲೆ ಹೇಳುವ ಕಲೆಗೆ ನಮ್ಮ ಕೈಗೆಟಕುವಲ್ಲೇ ಒಂದು ದೊಡ್ಡ ಪಾಠ ಇದೆ, ರನ್ನನ ಗದಾಯುದ್ಧ. 10ನೇ ಶತಮಾನದ ಕೊನೆಯಲ್ಲಿ ಬಂದ ಕಾವ್ಯ. ಕೇಳುವವರಿಗೆಲ್ಲ ಮಹಾಭಾರತದ ಕಥೆ ಮೊದಲೇ ಗೊತ್ತು, ನಮ್ಮ ಅಭಿಮಾನಿ ಬಳಗದ ಓದುಗರ ಹಾಗೇ. ರನ್ನ ಮೊದಲಿಂದ ಶುರು ಮಾಡಲ್ಲ. ಯುದ್ಧದ ಕೊನೆಗೆ ಬಂದು ನಿಲ್ಲುತ್ತಾನೆ, ಅಲ್ಲಿಂದ ಹಿಂದೆ ತಿರುಗಿ ಇಡೀ ಭಾರತವನ್ನು ನೋಡುತ್ತಾನೆ. ಸಿಂಹಾವಲೋಕನ ಕ್ರಮ ಅಂತ ಶಾಲೆಯಲ್ಲಿ ಓದಿದ್ದೇವಲ್ಲ, ಅದೇ.

ಹೇಗೆ ನೋಡುತ್ತಾನೆ ಅನ್ನೋದೇ ಮುಖ್ಯ. ದುರ್ಯೋಧನ ಸಂಜಯನ ಜತೆ ರಣರಂಗದಲ್ಲಿ ಹೆಣಗಳ ನಡುವೆ ನಡೆದು ಭೀಷ್ಮರನ್ನು ಕಾಣಲು ಹೋಗುತ್ತಾನೆ. ದಾರಿಯಲ್ಲಿ ದ್ರೋಣನ ಹೆಣ, ಅಭಿಮನ್ಯುವಿನದು, ತನ್ನ ಮಗ ಲಕ್ಷಣಕುಮಾರನದು, ದುಶ್ಶಾಸನನದು, ಕರ್ಣನದು. ಒಂದೊಂದರ ಮುಂದೆ ನಿಂತಾಗ ಒಂದೊಂದು ಹಳೆಯ ಕಥೆ ಮೇಲೆ ಬರುತ್ತೆ. ಯಾರು ಯಾರನ್ನು ಯಾವಾಗ ಕೊಂದರು ಅನ್ನೋ ವರದಿ ಅಲ್ಲಿಲ್ಲ. ತಾಯಿಯ ಹಾಲಿನಿಂದ ಹಿಡಿದು ಎಲ್ಲದರಲ್ಲೂ ತನ್ನ ನಂತರವೇ ಪಾಲು ಪಡೆದ ತಮ್ಮ ಸಾವಿನಲ್ಲಿ ಮಾತ್ರ ತನಗಿಂತ ಮುಂದೆ ಹೋದನಲ್ಲ ಅಂತ ದುಶ್ಶಾಸನನ ಮುಂದೆ ಗೋಳಾಡುತ್ತಾನೆ. ಆ ಒಂದು ಅಳಲಿನಲ್ಲಿ ಇಬ್ಬರ ಬಾಲ್ಯ, ಪ್ರೀತಿ, ಸಾವು ಎಲ್ಲ ಬಂದುಬಿಡುತ್ತೆ. ಶತ್ರುವಿನ ಮಗ ಅಭಿಮನ್ಯುವನ್ನು ನೋಡಿ ಮೆಚ್ಚುತ್ತಾನೆ. ಇಷ್ಟು ದಿನ ಖಳ ಅಂದುಕೊಂಡವನ ಒಳಗೆ ಏನಿದೆ ಅಂತ ಕಥೆ ಗೊತ್ತಿದ್ದವರಿಗೂ ಹೊಸದಾಗಿ ಕಾಣುತ್ತೆ.

ನಿಮ್ಮ ಕಥೆಗೆ ಇದನ್ನು ಹೀಗೆ ತರಬಹುದು. ನಿಮ್ಮ ಪಾತ್ರ ಸಾವಿನ ದವಡೆಯಿಂದ ಎದ್ದು ಬಂದಿದೆ. ಅದು ಮೊದಲ ಅಧ್ಯಾಯದಲ್ಲಿ ಎಲ್ಲಿಗೆ ನಡೆದು ಹೋಗುತ್ತೆ? ಯಾರ ಕೋಣೆ ಖಾಲಿಯಿದೆ? ಯಾರು ಮುಖ ನೋಡಿ ಬಾಗಿಲು ಹಾಕಿಕೊಳ್ಳುತ್ತಾರೆ? ಆ ದಾರಿಯನ್ನು ಚೆನ್ನಾಗಿ ಆರಿಸಿಕೊಂಡರೆ ಹಿನ್ನೆಲೆಯ ಎರಡು ಪುಟ ಬೇಕಾಗಲ್ಲ. ಯಾವ ನೆನಪು ಆ ಪಾತ್ರಕ್ಕೆ ನೋವು ಕೊಡಲ್ವೋ ಅದನ್ನು ಇನ್ನೂ ಹೇಳಬೇಡಿ, ಅದರ ಸರದಿ ಮುಂದೆ ಬರುತ್ತೆ.

ಕವಲೊಡೆಯುವುದರ ಬಗ್ಗೆಯೂ ಒಂದು ಮಾತು. ಪಂಪ 941ರಲ್ಲಿ ಬರೆದ ಭಾರತದಲ್ಲಿ ದ್ರೌಪದಿ ಅರ್ಜುನನೊಬ್ಬನ ಹೆಂಡತಿ. ಒಂದೇ ಒಂದು ಬದಲಾವಣೆ. ಆದರೆ ಅದನ್ನು ಮಾಡಿದ ತಕ್ಷಣ ಜೂಜಿನಲ್ಲಿ ಅವಳನ್ನು ಒಡ್ಡುವ ಹಕ್ಕು ಯಾರದು, ಅವಳ ಅವಮಾನಕ್ಕೆ ಎಲ್ಲರಿಗಿಂತ ಹೆಚ್ಚು ಕುದಿಯಬೇಕಾದವರು ಯಾರು ಅಂತೆಲ್ಲ ಪ್ರಶ್ನೆ ಏಳುತ್ತೆ. ನೀವು ಬದಲಿಸಿದ ಆ ಒಂದು ಸಾವಿಗೂ ಹೀಗೇ ಕೇಳಿಕೊಳ್ಳಿ: ಆ ಸಾವಿನ ಬಲದಿಂದ ಮೂಲದಲ್ಲಿ ಏನೇನು ನಡೆಯಿತು? ಸೇಡು ತೀರಿಸಲು ಹೊರಟವರು ಈಗ ಯಾಕೆ ಹೊರಡಬೇಕು?

* * *

ನಾನು ಮೊದಲ ಉತ್ತರವನ್ನು ಪೂರ್ತಿ ಒಪ್ಪಲ್ಲ. ಎಲ್ಲವನ್ನೂ ಕಥೆಯೊಳಗೇ ನೇಯಬೇಕು ಅಂತ ಹಟ ಹಿಡಿದು ಓದುಗರನ್ನು ಸುಸ್ತು ಮಾಡಿದ ಕಥೆಗಳನ್ನೂ ಓದಿದ್ದೇನೆ. ಕಥೆಗೆ ಮೊದಲು ಒಂದು ಟಿಪ್ಪಣಿ ಹಾಕೋದಕ್ಕೆ ನಾಚಿಕೆ ಯಾಕೆ? ಫ್ಯಾನ್ ಫಿಕ್ಷನ್ ಹಾಕುವ ಆರ್ಕೈವ್ ಆಫ್ ಅವರ್ ಓನ್‌ನಂಥ ತಾಣದಲ್ಲಿ ಸಾರಾಂಶಕ್ಕೆ, ಟ್ಯಾಗಿಗೆ, ಅಧ್ಯಾಯದ ಮೊದಲ ಮತ್ತು ಕೊನೆಯ ಟಿಪ್ಪಣಿಗೆ ಬೇರೆ ಬೇರೆ ಜಾಗವೇ ಇದೆ. "ಕ್ಯಾನನ್ ಡೈವರ್ಜೆನ್ಸ್" (ಮೂಲದಿಂದ ಕವಲೊಡೆದದ್ದು) ಅಂತ ಟ್ಯಾಗ್ ಹಾಕಿ, ಮೇಲೆ ಮೂರು ಸಾಲು ಬರೆಯಿರಿ: ಮೂರನೇ ಸೀಸನ್‌ವರೆಗಿನ ಕಥೆ ಇದರಲ್ಲಿ ಬಯಲಾಗುತ್ತೆ, ಕೊನೆಯ ಯುದ್ಧದಲ್ಲಿ ಇಂಥವರು ಸಾಯಲಿಲ್ಲ, ಉಳಿದದ್ದೆಲ್ಲ ಅಲ್ಲಿಯವರೆಗೆ ಮೂಲದ ಹಾಗೇ. ಬಲ್ಲವರು ಒಂದು ಕ್ಷಣದಲ್ಲಿ ಓದಿ ಒಳಗೆ ಹೋಗುತ್ತಾರೆ.

ಆದರೆ ಟಿಪ್ಪಣಿಗೆ ಒಂದು ಮಿತಿ ಇದೆ. ಯಾರು, ಎಲ್ಲಿ, ಯಾವಾಗ ಅನ್ನೋದು ಟಿಪ್ಪಣಿಗೆ. ಯಾಕೆ ಅನ್ನೋದು ಕಥೆಗೆ. ಪಾತ್ರದ ಸಿಟ್ಟಿನ ಕಾರಣವನ್ನೂ ಟಿಪ್ಪಣಿಗೆ ತಳ್ಳಿದರೆ ಕಥೆಯಲ್ಲಿ ಏನು ಉಳಿಯುತ್ತೆ ಹೇಳಿ.

ನಾಲ್ಕನೇ ಸೀಸನ್ ಬಗ್ಗೆ ಚಿಂತೆ ಬೇಡ. ಟಿಪ್ಪಣಿಯಲ್ಲಿ "ಮೂರನೇ ಸೀಸನ್ ಮುಗಿದಾಗ ಶುರು ಮಾಡಿದ್ದು" ಅಂತ ಬರೆದುಬಿಡಿ, ಸಾಕು. ಹೊಸ ಕಂತು ನೋಡಿ ನೋಡಿ ನಿಮ್ಮ ಕಥೆಯನ್ನು ಅದರ ಹಿಂದೆ ಎಳೆದರೆ ಕಥೆಯ ಬೆನ್ನೆಲುಬೇ ಹೋಗುತ್ತೆ. ಹೊಸ ಸೀಸನ್‌ನಲ್ಲಿ ಯಾರದೋ ಬಾಲ್ಯವೋ, ಒಂದು ಊರಿನ ಹೆಸರೋ ಇಷ್ಟವಾದರೆ, ನಿಮ್ಮಲ್ಲಿ ಈಗಾಗಲೇ ಬರೆದದ್ದಕ್ಕೆ ಅಡ್ಡ ಬರದಿದ್ದರೆ, ತೆಗೆದುಕೊಳ್ಳಿ. ಇಲ್ಲದಿದ್ದರೆ ಬಿಡಿ.

* * *

ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ಆ ಎರಡು ಪುಟ ತೆಗೆದು, ಪಾತ್ರ ತನ್ನ ಹಳೆಯ ಕೋಣೆಗೆ ನಡೆದು ಹೋಗುವ ದೃಶ್ಯದಿಂದ ಶುರು ಮಾಡ್ತಿದ್ದೇನೆ, ಟಿಪ್ಪಣಿ ಮೂರು ಸಾಲು. ಕೊನೆಯ ಒಂದು ಪ್ರಶ್ನೆ: ಅಧ್ಯಾಯಗಳನ್ನು ಒಂದೊಂದಾಗಿ ಹಾಕುವಾಗ, ಆಗಲೇ ಹಾಕಿಬಿಟ್ಟ ಅಧ್ಯಾಯಕ್ಕೆ ಮುಂದಿನದು ತಾಳೆಯಾಗದಿದ್ದರೆ ಹಿಂದಿನದನ್ನು ತಿದ್ದಬಹುದಾ?

* * *

ಪಟ್ಟಿಯ ಹುಚ್ಚಿನವರು ಮತ್ತೆ ಬಂದೆ. ತಿದ್ದಬಹುದು. ವಾರದ ದಿನ, ಕುದುರೆಯ ಬಣ್ಣದಂಥದ್ದಾದರೆ ಸುಮ್ನೆ ತಿದ್ದಿ, ಯಾರಿಗೂ ಹೇಳಬೇಕಾಗಿಲ್ಲ. ಘಟನೆಯೇ ಬದಲಾಗಿದ್ದರೆ ತಿದ್ದಿದ ಮೇಲೆ ಮುಂದಿನ ಅಧ್ಯಾಯದ ಮೇಲೆ ಒಂದು ಸಾಲು ಹಾಕಿ, ಹಳೆಯದನ್ನು ಓದಿ ಮುಗಿಸಿದವರು ಹಿಂದೆ ಹೋಗಿ ನೋಡಲ್ಲ. ಆದರೆ ತಿದ್ದುವ ಮೊದಲು ಒಂದು ಸಲ ಯೋಚಿಸಿ: ಆ ತಪ್ಪು ಮಾಹಿತಿ ನಿರೂಪಣೆಯಲ್ಲಿ ಬಂದಿದೆಯೋ, ಪಾತ್ರದ ಬಾಯಲ್ಲಿ ಬಂದಿದೆಯೋ? ಪಾತ್ರದ ಬಾಯಲ್ಲಿದ್ದರೆ ಅದನ್ನು ಸುಳ್ಳು ಅಂತ ಇಟ್ಟುಕೊಳ್ಳಬಹುದು. ಆ ಪಾತ್ರ ಅವತ್ತು ಯಾಕೆ ಸುಳ್ಳು ಹೇಳಿತು ಅನ್ನೋದಕ್ಕೆ ಗಟ್ಟಿಯಾದ ಕಾರಣ ಸಿಕ್ಕರೆ ನಿಮಗೆ ಇನ್ನೊಂದು ಅಧ್ಯಾಯವೇ ಸಿಕ್ಕಿತು. ಕಾರಣ ಸಿಗದಿದ್ದರೆ ಬಲವಂತ ಮಾಡಬೇಡಿ, ತಿದ್ದಿಬಿಡಿ.