ಸಹಾಯ ಬೇಕು: ಅಮ್ಮ ಡಾಕ್ಟರ್ ಮುಂದೆ ಬಾಯೇ ಬಿಡಲ್ಲ

ಎಲ್ರಿಗೂ ನಮಸ್ಕಾರ. ಅಮ್ಮನಿಗೆ 64, ಶುಗರ್ ಬಂದು ಒಂಬತ್ತು ವರ್ಷ. ಮೂರು ತಿಂಗಳ ಸರಾಸರಿ ತೋರಿಸೋ ಎಚ್‌ಬಿಎ1ಸಿ 7.4 ಇದ್ದಿದ್ದು ಈಗ 9.1. ಡಾಕ್ಟರು ರಿಪೋರ್ಟಿನಿಂದ ತಲೆ ಎತ್ತದೆ, "ಮಾತ್ರೆ ತಗೋತಿದೀರಾ?" ಅಂದ್ರು. ಅಮ್ಮ "ಹ್ಞೂಂ ಸಾರ್". ಸರಿ, ಇನ್ನೊಂದು ಮಾತ್ರೆ ಸೇರಿಸಿ ಚೀಟಿ ಕೊಟ್ರು.

ಮನೆಗೆ ಬಂದು ನೋಡಿದ್ರೆ ಅಕ್ಕಿ ಡಬ್ಬದ ಹಿಂದೆ ಶುಗರ್ ಮಾತ್ರೆ ಮೆಟ್‌ಫಾರ್ಮಿನ್ ಸ್ಟ್ರಿಪ್ ಆರು, ಒಂದೂ ಒಡೆದಿಲ್ಲ! "ತಗೊಂಡ್ರೆ ಹೊಟ್ಟೆ ಕೆಡುತ್ತೆ ಕಣೋ, ಹೇಳಿದ್ರೆ ಬೈತಾರೆ." ಈ ಮಾತ್ರೆಗೆ ಹೊಟ್ಟೆ ಕೆಡೋದು ಮಾಮೂಲು, ಊಟದ ಜೊತೆ ತಗೊಂಡ್ರೆ ಅಥವಾ ನಿಧಾನಕ್ಕೆ ಕರಗೋ ಮಾತ್ರೆಗೆ ಬದಲಾಯಿಸಿದ್ರೆ ಎಷ್ಟೋ ಜನಕ್ಕೆ ಸರಿಹೋಗುತ್ತೆ. ಒಂದು ಮಾತು ಹೇಳಿದ್ರೆ ಮುಗೀತಿತ್ತು. ಈಗ ಸೇರಿಸಿರೋದು ಗ್ಲಿಮೆಪಿರೈಡ್, ಊಟ ಬಿಟ್ರೂ ಶುಗರ್ ಇಳಿಸೋ ಮಾತ್ರೆ. ಅಮ್ಮ ಏಕಾದಶಿ ಬೇರೆ ಬಿಡಲ್ಲ, ಖಾಲಿ ಹೊಟ್ಟೇಲಿ ಶುಗರ್ 70ಕ್ಕಿಂತ ಇಳಿದ್ರೆ ಅಂತ ನಂಗೆ ಎದೆ ಢವಢವ.

ನಾನೇ ಡಾಕ್ಟರಿಗೆ ಫೋನ್ ಮಾಡಿ ಹೇಳಲಾ? ಚಾಡಿ ಹೇಳಿದ ಹಾಗೆ ಆಗುತ್ತೆ ಅಂತ ಅಮ್ಮ ಮುನಿಸ್ಕೋತಾರೆ. ಕಷ್ಟಗಳನ್ನ ಚೀಟೀಲಿ ಬರೆದು ಕೈಗೆ ಕೊಟ್ಟವರಿದ್ದೀರಾ, ಡಾಕ್ಟರು ಓದಿದ್ರಾ? ಇಂಥ ಹಿರಿಯರ ಬಾಯಿ ಹೇಗೆ ಬಿಡಿಸಿದ್ರಿ? ನರ್ಸ್, ಡಯೆಟಿಷಿಯನ್ ಇದ್ರೆ ದಯವಿಟ್ಟು ಹೇಳಿ. ಮೆಂತ್ಯ, ಹಾಗಲಕಾಯಿ ಸಲಹೆ ಬೇಡ, ಅದು ನೆಂಟರಿಂದ ಸಾಕಷ್ಟು ಬಂದಿದೆ. ಗುರುವಾರ ಮತ್ತೆ ಹೋಗ್ಬೇಕು.