ಮೊದಲ ಆರ್‌ಸಿ ವಿಮಾನ: ಯಾವ ಕಿಟ್ ತಗೊಳ್ಳಲಿ?

ಕೇಳಿದವರು, ಕಲಬುರಗಿ

ನಮಸ್ಕಾರ. ನಾನು ಮತ್ತು ಪಿಯುಸಿ ಓದುವ ನನ್ನ ತಮ್ಮ ಸೇರಿ ಒಂದು ರಿಮೋಟ್ ವಿಮಾನ ಕಟ್ಟಬೇಕು ಅಂತಿದ್ದೇವೆ. ಇಬ್ಬರಿಗೂ ಇದು ಹೊಸದು. ಅವನಿಗೆ ಬಾಲ್ಸಾ ಕಟ್ಟಿಗೆಯ ಯುದ್ಧ ವಿಮಾನದ ಕಿಟ್ ಮೇಲೆ ಕಣ್ಣು, ನನಗೆ ದುಡ್ಡು ಮಣ್ಣಾದೀತು ಅನ್ನೋ ಭಯ. ಕಟ್ಟಿ ಹಾರಿಸಿದವರು ಹೇಳ್ರಿ, ಮೊದಲು ಯಾವುದು ತಗೋಬೇಕು?

ಕಲಬುರಗಿ, ಐದು ವರ್ಷದಿಂದ ಹಾರಿಸುತ್ತಿರುವವರು

ಅಣ್ಣಾರೆ, ತಮ್ಮನಿಗೆ ಬೇಜಾರಾದರೂ ಯುದ್ಧ ವಿಮಾನ ಬೇಡ. ನಾನೂ ಅದೇ ಮಾಡಿದ್ದೆ. ಎರಡು ತಿಂಗಳು ರಾತ್ರಿ ಕೂತು ಬಾಲ್ಸಾದಲ್ಲಿ ಕಟ್ಟಿದೆ, ಮೇಲೆ ಬಣ್ಣದ ಫಿಲ್ಮ್ ಇಟ್ಟು ಇಸ್ತ್ರಿ ಎಳೆದೆ. ಹಾರಿದ್ದು 11 ಸೆಕೆಂಡ್. ಗೆಳೆಯ ವಿಡಿಯೊ ಮಾಡಿದ್ದ, ಅದಕ್ಕೇ ಲೆಕ್ಕ ಪಕ್ಕಾ.

ಮೊದಲ ವಿಮಾನ ಬಿದ್ದೇ ಬೀಳುತ್ತದೆ. ಆದ್ದರಿಂದ ಕಿಟ್ ನೋಡುವಾಗ ಚಂದ ಎಷ್ಟಿದೆ ಅಂತ ನೋಡಬೇಡಿ. ಬಿದ್ದ ಮೇಲೆ ಅದೇ ಸಂಜೆ ರಿಪೇರಿ ಆಗುತ್ತದಾ ಅಂತ ನೋಡಿ. ಆ ಲೆಕ್ಕದಲ್ಲಿ 5 ಮಿ.ಮೀ. ಫೋಮ್ ಬೋರ್ಡಿನ ಟ್ರೇನರ್, ಅಂದರೆ ಕಲಿಯುವವರ ವಿಮಾನವೇ ಮೇಲು. ರೆಕ್ಕೆ ಹೊಟ್ಟೆಯ ಮೇಲ್ಗಡೆ ಇರಬೇಕು, ಎರಡೂ ತುದಿ ಸ್ವಲ್ಪ ಮೇಲಕ್ಕೆ ಎತ್ತಿರಬೇಕು. ಹಾಗಿದ್ದರೆ ನೀವು ಗಾಬರಿಯಾಗಿ ಕೈ ಬಿಟ್ಟರೂ ಅದು ಎಷ್ಟೋ ಸಲ ತಾನೇ ನೆಟ್ಟಗಾಗುತ್ತದೆ. ರೆಕ್ಕೆ ತುದಿಯಿಂದ ತುದಿಗೆ ಒಂದು ಮೀಟರ್ ಆಸುಪಾಸು ಇರಲಿ. ತೀರಾ ಚಿಕ್ಕದು ಗಾಳಿಗೆ ಕುಣಿಯುತ್ತದೆ.

ಫ್ಲೈಟ್ ಟೆಸ್ಟ್ ಅನ್ನೋ ಯೂಟ್ಯೂಬ್ ಚಾನೆಲ್‌ನವರ ಟೈನಿ ಟ್ರೇನರ್, ಸಿಂಪಲ್ ಕಬ್ ನಕಾಶೆಗಳು ಪುಕ್ಕಟೆ ಸಿಗುತ್ತವೆ. ಪ್ರಿಂಟ್ ತೆಗೆದು ಜೋಡಿಸಿ, ಬೋರ್ಡ್ ಮೇಲಿಟ್ಟು ಕತ್ತರಿಸಿದರೆ ಅದೇ ನಿಮ್ಮ ಕಿಟ್. ಬೋರ್ಡ್ ಸ್ಟೇಷನರಿ ಅಂಗಡಿಯಲ್ಲಿ, ಶಾಲೆ ಮಕ್ಕಳ ಪ್ರಾಜೆಕ್ಟಿಗೆ ಕೊಡುವಂಥದ್ದು. ಒಂದು ಮಾತು ಮಾತ್ರ ನೆನಪಿರಲಿ: ಎರಡೂ ಕಡೆ ಕಾಗದ ಇದ್ದು ನಡುವೆ ಮೆತ್ತನೆ ಫೋಮ್ ಇರುವುದನ್ನೇ ಕೇಳಿ. ಎಷ್ಟೋ ಅಂಗಡಿಗಳಲ್ಲಿ ಸನ್‌ಬೋರ್ಡ್ ತೆಗೆದು ಕೊಡುತ್ತಾರೆ. ಅದು ಪಿವಿಸಿ, ಭಾರ ಜಾಸ್ತಿ. ಕೈಯಲ್ಲಿ ಹಿಡಿದರೇ ಗೊತ್ತಾಗುತ್ತದೆ.

ಖರ್ಚು ಮಾಡುವುದಾದರೆ ರೇಡಿಯೊಗೆ, ಅಂದರೆ ಕೈಯಲ್ಲಿ ಹಿಡಿಯುವ ರಿಮೋಟಿಗೆ ಮಾಡಿ. ವಿಮಾನ ಬದಲಾಗುತ್ತದೆ, ರೇಡಿಯೊ ಉಳಿಯುತ್ತದೆ. ನನ್ನದು ಫ್ಲೈಸ್ಕೈ ಎಫ್‌ಎಸ್-ಐ6, ಆರು ಚಾನೆಲ್, ಅಂದರೆ ಆರು ಕೆಲಸ ಬೇರೆ ಬೇರೆಯಾಗಿ ನಡೆಸಬಹುದು. ಸುಮಾರು 700 ಗ್ರಾಂ ವಿಮಾನಕ್ಕೆ 2212 ಸೈಜಿನ 1000 ಕೆವಿ (ಒಂದು ವೋಲ್ಟಿಗೆ ನಿಮಿಷಕ್ಕೆ 1000 ಸುತ್ತು) ಬ್ರಶ್‌ಲೆಸ್ ಮೋಟಾರ್, ಮೋಟಾರ್ ವೇಗ ಹೆಚ್ಚು ಕಡಿಮೆ ಮಾಡುವ 30 ಆಂಪಿಯರ್ ಇಎಸ್‌ಸಿ, 9 ಗ್ರಾಂ ಸರ್ವೋಗಳು (ಬಾಲ, ರೆಕ್ಕೆಯ ಪಟ್ಟಿ ಅಲ್ಲಾಡಿಸುವ ಪುಟ್ಟ ಮೋಟಾರ್), 3 ಸೆಲ್ಲಿನ 2200 ಎಂಎಎಚ್ ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿ ಸಾಕು. ಲಿಪೊಗೆ ಎಲ್ಲ ಸೆಲ್ಲನ್ನೂ ಸಮವಾಗಿ ತುಂಬುವ ಬ್ಯಾಲೆನ್ಸ್ ಚಾರ್ಜರ್ ಬೇಕೇ ಬೇಕು. ಬೇರೆ ಯಾವ ಚಾರ್ಜರೂ ಚುಚ್ಚಬೇಡಿ.

ಮೂರು ಚಾನೆಲ್ಲಿನ ವಿಮಾನ ಕಟ್ಟಿದರೆ ರಡರ್ (ಬಾಲದ ನಿಂತ ಪಟ್ಟಿ) ಸರ್ವೋ ವೈರನ್ನು ವಿಮಾನದೊಳಗಿನ ರಿಸೀವರಿನ 1ನೇ ಚಾನೆಲ್ಲಿಗೆ ಹಾಕಿ, 4ನೆಯದಕ್ಕಲ್ಲ. ಆಗ ತಿರುಗಿಸುವುದು ಬಲಗೈ ಸ್ಟಿಕ್ಕಿಗೆ ಬರುತ್ತದೆ. ನಾಳೆ ಏಲೆರಾನ್ (ರೆಕ್ಕೆಯ ಹಿಂದಿನ ಅಂಚಿನ ಪಟ್ಟಿ) ಇರುವ ವಿಮಾನ ತಂದರೂ ಬೆರಳಿನ ರೂಢಿ ಬದಲಾಗುವುದಿಲ್ಲ. ಇದನ್ನು ನನಗೆ ಯಾರೂ ಹೇಳಿರಲಿಲ್ಲ, ಎರಡು ಸಲ ಕಲಿಯಬೇಕಾಯಿತು.

ಆಮೇಲೆ ನಮ್ಮ ಬಿಸಿಲು. ಹಾಟ್ ಗ್ಲೂ ಹಚ್ಚಿದ ವಿಮಾನವನ್ನು ಮೇ ತಿಂಗಳಲ್ಲಿ ಮಧ್ಯಾಹ್ನ ಕಾರಿನೊಳಗೆ ಬಿಟ್ಟಿದ್ದೆ. ಬಂದು ನೋಡಿದರೆ ನಡುವಿನ ಅಂಟು ಬೆಣ್ಣೆಯಾಗಿ ರೆಕ್ಕೆ ಎರಡು ಹೋಳು. ಬ್ಯಾಟರಿಯಂತೂ ಕಾರಿನಲ್ಲಿ ಬಿಡಲೇಬೇಡಿ.

ಬೀದರ್, ಎಂಜಿನಿಯರಿಂಗ್ ವಿದ್ಯಾರ್ಥಿ

ಜಾಗದ ಮಾತು ಯಾರೂ ಹೇಳಲಿಲ್ಲ, ಅಲ್ವಾ? ಕಲಬುರಗಿಯಲ್ಲಿ ಸೇಡಂ ರಸ್ತೆ ಕಡೆ 2019ರಲ್ಲಿ ಶುರುವಾದ ವಿಮಾನ ನಿಲ್ದಾಣ ಇದೆ, ಅದರಿಂದ ದೂರ ಇರಿ. ನಮ್ಮಲ್ಲಿ ಇನ್ನೂ ಬಿಗಿ. ವಾಯುಪಡೆಯ ನೆಲೆ ಇಲ್ಲೇ ಇದೆ, ಸೂರ್ಯಕಿರಣ ತಂಡದ ಹಾಕ್ ವಿಮಾನಗಳು ತಲೆ ಮೇಲೆ ಹೋಗುತ್ತಿರುತ್ತವೆ. ಅವುಗಳನ್ನು ನೋಡಿಯೇ ನನಗೆ ಈ ಹುಚ್ಚು ಹತ್ತಿದ್ದು. ಆದರೆ ಹಾರಿಸಲು ದೂರದ ಅಜ್ಜನ ಊರಿಗೆ ಹೋಗುತ್ತೇನೆ. 2021ರ ಡ್ರೋನ್ ನಿಯಮ ನಮ್ಮ ಮಾಡೆಲ್ ವಿಮಾನಕ್ಕೂ ಲಾಗು. ಸರ್ಕಾರದ ಡಿಜಿಟಲ್ ಸ್ಕೈ ಅನ್ನೋ ಡ್ರೋನ್ ನಕ್ಷೆಯಲ್ಲಿ ಹೊಲ ಯಾವ ಬಣ್ಣದಲ್ಲಿದೆ ನೋಡಿ. ಹಸಿರಿದ್ದರೂ 400 ಅಡಿ ದಾಟಬೇಡಿ.

ಇನ್ನೊಂದು: ಪಿಕಾಸಿಮ್ ಅಂತ ಪುಕ್ಕಟೆ ಸಿಮ್ಯುಲೇಟರ್ ಇದೆ. ಸಾಮಾನು ಬರುವ ತನಕ ಅದರಲ್ಲಿ ಬೀಳಿಸಿ.

ಯಾದಗಿರಿ, ನಿವೃತ್ತ ಶಿಕ್ಷಕರು

ಬಾಲ್ಸಾ ಬೇಡ ಅಂತ ಒಂದೇ ಏಟಿಗೆ ಅಂದದ್ದು ನನಗೆ ಒಪ್ಪಿಗೆ ಇಲ್ಲ. ಕಟ್ಟುವ ಖುಷಿಯೇ ಬೇಕು ಅನ್ನುವ ಹುಡುಗ ಇದ್ದರೆ ಬಾಲ್ಸಾ ಟ್ರೇನರ್ ಕಟ್ಟಲಿ. ಆದರೆ ಫೋಮಿನಲ್ಲಿ ಹಾರಿಸುವುದನ್ನು ಕಲಿತ ಮೇಲೆಯೇ ಅದನ್ನು ಬಯಲಿಗೆ ತರಲಿ.

ಕಟ್ಟುವುದಕ್ಕೆ ಸಪಾಟು ಜಾಗ ಮುಖ್ಯ. ಮೇಜು ಬಾಗಿದ್ದರೆ ರೆಕ್ಕೆಯೂ ತಿರುಚುತ್ತದೆ. ನಾನು ಪಾಲಿಶ್ ಮಾಡಿದ ಶಹಾಬಾದ್ ಕಲ್ಲಿನ ಮೇಲೆ ಕಟ್ಟುತ್ತೇನೆ, ಅಂಟು ಒಣಗುವವರೆಗೆ ಅದರದೇ ತುಂಡುಗಳನ್ನು ಭಾರ ಇಡುತ್ತೇನೆ. ಇಷ್ಟು ಒಳ್ಳೆ ಕಲ್ಲು ಕಾಲಡಿಯಲ್ಲೇ ಇರುವಾಗ ಗಾಜು ಯಾಕೆ?

ತೂಕ ನಿಲ್ಲುವ ಜಾಗ ನೋಡದೆ ಹಾರಿಸಬೇಡಿ. ರೆಕ್ಕೆಯ ಅಗಲ (ಮುಂದಿನ ಅಂಚಿನಿಂದ ಹಿಂದಿನ ಅಂಚಿಗೆ) 18 ಸೆಂ.ಮೀ. ಇದ್ದರೆ ಮುಂದಿನ ಅಂಚಿನಿಂದ 4.5 ರಿಂದ 6 ಸೆಂ.ಮೀ. ಒಳಗೆ, ಎರಡೂ ಕಡೆ ರೆಕ್ಕೆಯಡಿ ಬೆರಳಿಟ್ಟು ಎತ್ತಿ. ಮೂಗು ಒಂದಿಷ್ಟು ತಗ್ಗಿದರೆ ನಡೆಯುತ್ತದೆ. ಬಾಲ ತಗ್ಗಿದರೆ ಬ್ಯಾಟರಿ ಮುಂದೆ ಸರಿಸಿ. ಇದನ್ನೆಲ್ಲ ಬ್ಯಾಟರಿ ಒಳಗಿಟ್ಟೇ ನೋಡಬೇಕು, ಆದರೆ ವೈರ್ ಜೋಡಿಸದೆ. ಮನೆಯೊಳಗೆ ಮೋಟಾರ್ ಪರೀಕ್ಷೆ ಮಾಡುವಾಗ ಪ್ರೊಪೆಲ್ಲರ್ ಬಿಚ್ಚಿಟ್ಟಿರಿ. ನನ್ನ ಹೆಬ್ಬೆರಳಿಗೆ ನಾಲ್ಕು ಹೊಲಿಗೆ ಬಿದ್ದಿವೆ.

ಕೇಳಿದವರು

ತಮ್ಮ ಓದಿದ. ಮುಖ ಊದಿಸಿಕೊಂಡು ಸಿಂಪಲ್ ಕಬ್‌ಗೆ ಒಪ್ಪಿದ, ಬಣ್ಣ ಮಾತ್ರ ಯುದ್ಧ ವಿಮಾನದ್ದೇ ಅಂತೆ. ಚಕ್ರ ಹಾಕಬೇಕಾ? ನಮ್ಮದು ಆಳಂದ ಕಡೆ ಎರೆ ಹೊಲ.

ಕಲಬುರಗಿ, ಐದು ವರ್ಷದಿಂದ ಹಾರಿಸುತ್ತಿರುವವರು

ಎರೆ ಹೊಲದಲ್ಲಿ ಚಕ್ರ ಸುಮ್ನೆ ಭಾರ. ಕೈಯಿಂದ ಎಸೆಯಿರಿ, ಹೊಟ್ಟೆ ಮೇಲೆ ಇಳಿಸಿ, ಹೊಟ್ಟೆಗೆ ಎರಡು ಸುತ್ತು ಪ್ಯಾಕಿಂಗ್ ಟೇಪ್ ಇರಲಿ. ತೊಗರಿ ಕೊಯ್ದ ಹೊಲ ಬೇಡ, ಕೂಳೆ ಫೋಮನ್ನು ಸೂಜಿಯ ಹಾಗೆ ಚುಚ್ಚುತ್ತದೆ. ಬೀಳು ಬಿಟ್ಟ ಹೊಲ ಹುಡುಕಿ, ಬೆಳಗ್ಗೆ ಗಾಳಿ ಏಳುವ ಮೊದಲು ಹೋಗಿ.

ಬಣ್ಣದ ವಿಷಯದಲ್ಲಿ ತಮ್ಮನಿಗೆ ಸೋಲಬೇಡಿ. ಹಸಿರು-ಕಂದು ಬಳಿದ ನನ್ನ ವಿಮಾನ ನಿಂತ ತೊಗರಿಯಲ್ಲಿ ಬಿದ್ದಿತ್ತು. ಎದೆಯೆತ್ತರದ ಬೆಳೆ, ಎರಡು ತಾಸು ಹುಡುಕಿದೆವು. ಕೊನೆಗೆ ಗೆಳೆಯ ದೂರ ನಿಂತು ಬಲಗೈ ಸ್ಟಿಕ್ ಅಲ್ಲಾಡಿಸುತ್ತಾ ಹೋದ, ನಾನು ಸಾಲುಗಳ ನಡುವೆ ಬಗ್ಗಿ ಕಿವಿಗೊಟ್ಟು ನಡೆದೆ. ಒಂದು ಕಡೆ ಸರ್ವೋ ಕಿರ್ರ್ ಕಿರ್ರ್ ಅಂದಿತು. ಹೊಟ್ಟೆಗೆ ಕಿತ್ತಳೆ, ರೆಕ್ಕೆ ಮೇಲೆ ಹಳದಿ ಟೇಪ್ ಹಚ್ಚಿಸಿ.