ದೊಡ್ಡಪ್ಪನವರಿಗೆ: ಸತ್ತು ಎದ್ದು ಬರುವ ವೀರರ ಬಗ್ಗೆ

ದೊಡ್ಡಪ್ಪ, ನಮಸ್ಕಾರ. ನಿನ್ನೆ ರಾತ್ರಿ ನಮ್ಮ ಮನೆಯವರ ಗುಂಪಿನಲ್ಲಿ ನೀವು ಬರೆದದ್ದನ್ನು ಬೆಳಿಗ್ಗೆ ಓದಿದೆ. ನಾಲ್ಕು ಸಾಲಿನಲ್ಲಿ ಉತ್ತರ ಕೊಟ್ಟರೆ ಎದುರು ಮಾತನಾಡಿದಂತೆ ಆಗುತ್ತದೆಂದು ಸುಮ್ಮನಿದ್ದೆ. ಈಗ ಕೆಲಸ ಮುಗಿಸಿ ಬಂದು, ಮಹಡಿಯ ಮೇಲೆ ಕೂತು ಸಾವಕಾಶವಾಗಿ ಹೇಳುತ್ತಿದ್ದೇನೆ. ಸಂದೇಶ ಉದ್ದವಾಗುತ್ತದೆ, ಊಟ ಮುಗಿಸಿ ಕೇಳಿ.

ಉಳಿದವರಿಗೂ ತಿಳಿಯಲಿ ಎಂದು ನಡೆದದ್ದನ್ನು ಮೊದಲು ಹೇಳಿಬಿಡುತ್ತೇನೆ. ದ್ವಿತೀಯ ಪಿಯುಸಿ ಓದುತ್ತಿರುವ ಅಕ್ಕನ ಮಗನಿಗೆ ಹುಟ್ಟುಹಬ್ಬಕ್ಕೆಂದು ನಾನು ಬ್ಯಾಟ್‌ಮ್ಯಾನ್ ಕಾಮಿಕ್ಸಿನ ಒಂದು ಸಂಪುಟವನ್ನು ಕೊಟ್ಟಿದ್ದೆ. ಅಕ್ಕ ಅದರ ಫೋಟೋ ಹಾಕಿದಳು. ಅದಕ್ಕೆ ದೊಡ್ಡಪ್ಪ, "ಈ ತಿಂಗಳು ಸತ್ತವನು ಮುಂದಿನ ತಿಂಗಳು ಎದ್ದು ಕೂರುವ ಕಥೆಯನ್ನು ಹುಡುಗನ ಕೈಗೆ ಯಾಕೆ ಕೊಟ್ಟೆ ಮಗಳೇ? ನಮ್ಮ ಫ್ಯಾಂಟಮ್ ಸತ್ತರೆ ಸತ್ತ, ಮಗ ಬಂದು ಕೂರುತ್ತಿದ್ದ, ಅದರಲ್ಲೊಂದು ನ್ಯಾಯವಿತ್ತು" ಎಂದು ಬರೆದರು. ಫ್ಯಾಂಟಮ್ ಎಂದರೆ ಹಳೆಯ ಕಾಮಿಕ್ಸಿನ ಮುಖವಾಡದ ವೀರ, ಅಪ್ಪನ ನಂತರ ಮಗ ಅದೇ ವೇಷ ತೊಡುತ್ತಾನೆ. ದೊಡ್ಡಪ್ಪನ ಈ ಮಾತಿಗೆ ನನ್ನ ಉತ್ತರ ಇದು.

ನಿಮ್ಮ ದೂರಿನಲ್ಲಿ ಅರ್ಧದಷ್ಟನ್ನು ನಾನು ಒಪ್ಪುತ್ತೇನೆ, ಅದೂ ನೋವಿನಿಂದ ಒಪ್ಪುತ್ತೇನೆ. ಮಿಸ್ ಮಾರ್ವೆಲ್ ಎಂಬ ಹೆಸರಿನಲ್ಲಿ ಹೋರಾಡುವ ಕಮಲಾ ಖಾನ್ ಎಂಬ ಹುಡುಗಿಯ ಬಗ್ಗೆ ನಿಮಗೆ ಹಿಂದೆ ಹೇಳಿದ್ದೆ. ಜರ್ಸಿ ಸಿಟಿಯಲ್ಲಿ ಬೆಳೆದ, ಪಾಕಿಸ್ತಾನದಿಂದ ವಲಸೆ ಹೋದ ಮನೆಯ ಮಗಳು. ಅಪ್ಪ ಅಮ್ಮನ ಕಣ್ಣು ತಪ್ಪಿಸಿ ಊರು ಕಾಯುವವಳು. 2014ರಲ್ಲಿ ಅವಳ ಸ್ವಂತ ಪತ್ರಿಕೆ ಶುರುವಾದಾಗ ನಮ್ಮಂಥ ಮನೆಗಳ ಹೆಣ್ಣುಮಕ್ಕಳಿಗೆ ಅದು ಎಷ್ಟು ಹತ್ತಿರವಾಯಿತು ಎಂಬುದನ್ನು ಬಾಯಲ್ಲಿ ಹೇಳಲಾರೆ. ಆ ಹುಡುಗಿಯನ್ನು 2023ರ ಮೇ ತಿಂಗಳಲ್ಲಿ ಕೊಂದರು. ಕೊಂದದ್ದಾದರೂ ಎಲ್ಲಿ? ಅವಳ ಸ್ವಂತ ಕಥೆಯಲ್ಲಲ್ಲ, ಸ್ಪೈಡರ್‌ಮ್ಯಾನಿನ ಪತ್ರಿಕೆಯ 26ನೆಯ ಸಂಚಿಕೆಯಲ್ಲಿ, ಬೇರೊಬ್ಬರ ಜಗಳದ ಕೊನೆಯಲ್ಲಿ, ಇನ್ನೊಬ್ಬಳ ರೂಪ ತಾಳಿ ನಿಂತು ಅವಳಿಗೆ ಬೀಳಬೇಕಿದ್ದ ಏಟನ್ನು ತನ್ನ ಮೈಮೇಲೆ ತೆಗೆದುಕೊಂಡಾಗ. ಎರಡು ತಿಂಗಳು ತುಂಬುವುದರೊಳಗೆ, ಜುಲೈನಲ್ಲಿ, ಮತ್ತೊಂದು ಪತ್ರಿಕೆಯಲ್ಲಿ ಅವಳನ್ನು ಎಬ್ಬಿಸಿದರು. ಅವಳ ತಾಯಿಗೆ ಸರಿಯಾಗಿ ಅಳುವುದಕ್ಕೂ ಪುಟ ಸಿಗಲಿಲ್ಲ. ಸಾವನ್ನು ಹೀಗೆ ಸಂತೆಯ ತಮಟೆಯಂತೆ ಬಡಿಯುವುದು ಓದುಗರಿಗೂ ಅವಮಾನ, ಆ ಹುಡುಗಿಗೂ ಅವಮಾನ.

ಆದರೆ ಎದ್ದು ಬಂದದ್ದೇ ತಪ್ಪು ಎಂದು ನೀವು ಹೇಳಿದಿರಲ್ಲ, ಅದನ್ನು ಮಾತ್ರ ನಾನು ಒಪ್ಪಲಾರೆ. ಒಪ್ಪದಿರುವುದಕ್ಕೆ ಕಾರಣವನ್ನು ನನಗೆ ತೋರಿಸಿಕೊಟ್ಟವರು ನೀವೇ.

ನಾನು ಐದನೆಯ ತರಗತಿಯಲ್ಲಿದ್ದಾಗ ಹೊಳಲ್ಕೆರೆಯ ಹತ್ತಿರದ ಹಳ್ಳಿಯೊಂದಕ್ಕೆ ಬಬ್ರುವಾಹನನ ಬಯಲಾಟ ನೋಡಲು ನನ್ನನ್ನು ಕರೆದುಕೊಂಡು ಹೋಗಿದ್ದಿರಿ. ಯಾಗದ ಕುದುರೆಯ ಹಿಂದೆ ಮಣಿಪುರಕ್ಕೆ ಬಂದ ಅರ್ಜುನ, ಕಾಣಿಕೆ ಹಿಡಿದು ಕಾಲಿಗೆ ಬಿದ್ದ ಮಗನನ್ನೇ ಹಂಗಿಸಿದ, ಯುದ್ಧವಾಯಿತು, ಮಗನ ಬಾಣಕ್ಕೆ ಅಪ್ಪ ಬಿದ್ದ. ಆಗ ರಾತ್ರಿ ಮೂರು ಗಂಟೆಯಾಗಿತ್ತು. ನಿಮ್ಮ ಶಾಲಿನೊಳಗಿಂದಲೇ ನಾನು, "ಅರ್ಜುನ ಮತ್ತೆ ಏಳುತ್ತಾನೆ ಅಲ್ಲವಾ?" ಎಂದು ಕೇಳಿದೆ. ನೀವು, "ಏಳುತ್ತಾನೆ, ಈಗ ಮಗನ ಮುಖ ನೋಡು" ಎಂದಿರಿ. ಆ ವೇಷಧಾರಿ ಬಿಲ್ಲನ್ನು ಕೆಳಗಿಟ್ಟು, ಕಿರೀಟ ತೆಗೆದು, ತಾಯಿಯ ಕಡೆ ತಿರುಗಲಾರದೆ ನಿಂತಿದ್ದ. ಬಣ್ಣದ ಮೇಲೆ ಬೆವರು ಗೆರೆ ಗೆರೆಯಾಗಿ ಇಳಿದಿತ್ತು. ನಾಗಲೋಕದ ಮಣಿಯಿಂದ ಅರ್ಜುನ ಏಳುತ್ತಾನೆ ಎಂಬುದು ಅಲ್ಲಿ ಕುಳಿತಿದ್ದ ಎಲ್ಲರಿಗೂ ಗೊತ್ತಿತ್ತು. ಆದರೂ ಯಾರೂ ಎದ್ದು ಹೋಗಲಿಲ್ಲ, ಏಕೆಂದರೆ ಅಪ್ಪನನ್ನು ಕೊಂದ ಕೈ ಆ ಮಗನದೇ ಆಗಿತ್ತು ಮತ್ತು ಅಪ್ಪ ಎದ್ದ ಮಾತ್ರಕ್ಕೆ ಆ ಕೈ ತೊಳೆದುಹೋಗುವಂತಿರಲಿಲ್ಲ. ಭೀಷ್ಮರನ್ನು ಅಧರ್ಮದಿಂದ ಬೀಳಿಸಿದ್ದಕ್ಕೆ ಅರ್ಜುನ ಹೀಗೆ ಸಾಯಲೇಬೇಕಾಗಿತ್ತು ಎಂದು ದಾರಿಯಲ್ಲಿ ಬರುವಾಗ ನೀವು ಹೇಳಿದ್ದಿರಿ. ಅಂದರೆ ಆ ಸಾವೂ ಒಂದು ಸಾಲದ ತೀರುವಳಿ, ಆ ಏಳುವುದಕ್ಕೂ ಒಂದು ಬೆಲೆ. ಕಮಲಾಳ ಕಥೆಯಲ್ಲಿ ನನಗೆ ಕಾಣದೇ ಹೋದದ್ದು ಆ ಬೆಲೆ.

ಇದೇ ಅಳತೆಗೋಲನ್ನು ಹಿಡಿದು ನಾನು ಎಕ್ಸ್‌ಮೆನ್ ಕಥೆಯನ್ನು ಓದಿದೆ. ಇದನ್ನು ಸ್ವಲ್ಪ ವಿವರವಾಗಿ ಹೇಳಲು ಬಿಡಿ, ಏಕೆಂದರೆ ಈಚಿನ ವರ್ಷಗಳಲ್ಲಿ ನನ್ನನ್ನು ಇಷ್ಟು ಹಿಡಿದಿಟ್ಟುಕೊಂಡ ಕಥೆ ಇನ್ನೊಂದಿಲ್ಲ. ಹುಟ್ಟಿನಿಂದಲೇ ವಿಚಿತ್ರ ಶಕ್ತಿಯಿರುವ ಜನ ಇವರು, ಮ್ಯುಟೆಂಟರು. ಎಲ್ಲ ಕಡೆಯೂ ಅಟ್ಟಿಸಿಕೊಂಡವರು. ಹಿಂದೆ 2001ರ ಒಂದು ಕಥೆಯಲ್ಲಿ ಜೆನೋಷಾ ಎಂಬ ದ್ವೀಪದಲ್ಲಿ 1 ಕೋಟಿ 60 ಲಕ್ಷ ಮ್ಯುಟೆಂಟರನ್ನು ಕೊಂದಿದ್ದರು. 2019ರಲ್ಲಿ ಜೊನಾಥನ್ ಹಿಕ್‌ಮನ್ ಎಂಬ ಬರಹಗಾರ ಇವರಿಗೆ ಕ್ರಕೋವಾ ಎಂಬ ಜೀವಂತ ದ್ವೀಪವನ್ನೇ ದೇಶವಾಗಿ ಕೊಟ್ಟರು, ಜೊತೆಗೆ ಸಾವನ್ನು ಗೆಲ್ಲುವ ವಿದ್ಯೆಯನ್ನೂ ಕೊಟ್ಟರು. ಐದು ಜನ ಸೇರಿ ಸತ್ತವರಿಗೆ ಹೊಸ ದೇಹ ಕಟ್ಟುತ್ತಾರೆ. ಇವರ ಹಿರಿಯ, ಬೇರೆಯವರ ಮನಸ್ಸು ಓದಬಲ್ಲ ಪ್ರೊಫೆಸರ್ ಎಕ್ಸ್ ತೆಗೆದಿಟ್ಟ ಮನಸ್ಸಿನ ನಕಲನ್ನು ಆ ದೇಹದಲ್ಲಿ ತುಂಬುತ್ತಾರೆ. ಆ ಐವರಲ್ಲಿ ಒಬ್ಬ, ಮೈಯಿಂದ ಚಿನ್ನದ ಬಣ್ಣದ ಚೆಂಡುಗಳನ್ನು ಚಿಮ್ಮಿಸುವುದನ್ನು ಬಿಟ್ಟರೆ ಬೇರೇನೂ ಬಾರದವನು ಎಂದು ಎಲ್ಲರೂ ಹಗುರವಾಗಿ ಕಂಡಿದ್ದ ಹುಡುಗ. ಅವು ಚೆಂಡುಗಳಲ್ಲ, ಮೊಟ್ಟೆಗಳು, ಹೊಸ ದೇಹ ಬೆಳೆಯುವುದು ಅವುಗಳಲ್ಲೇ ಎಂದು ತಿಳಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ನೀವು ಕೇಳುವಿರಿ, ಹಾಗಾದರೆ ಸಾವಿಗೆ ಅರ್ಥವೇನು ಉಳಿಯಿತು ಎಂದು. ಆ ಕಥೆಯೂ ಅದನ್ನೇ ಕೇಳಿತು ದೊಡ್ಡಪ್ಪ, ಮುಚ್ಚಿಡಲಿಲ್ಲ. ನಕಲು ತೆಗೆದಿಟ್ಟ ದಿನದವರೆಗಿನ ನೆನಪು ಮಾತ್ರ ಉಳಿಯುತ್ತದೆ, ಆಮೇಲಿನದು ಹೋಯಿತು. ಸತ್ತದ್ದು ಖಚಿತವಾಗದೆ ಎಬ್ಬಿಸುವಂತಿಲ್ಲ, ಒಬ್ಬರೇ ಇಬ್ಬರಾಗುವಂತಿಲ್ಲ. ಎಲ್ಲಕ್ಕಿಂತ ಕಠಿಣವಾದದ್ದು 2020ರ ಆರಂಭದಲ್ಲಿ ಬಂದ ಎಕ್ಸ್‌ಮೆನ್ ಪತ್ರಿಕೆಯ ಏಳನೆಯ ಸಂಚಿಕೆ. ಹಿಂದೊಮ್ಮೆ ಶಕ್ತಿ ಕಳೆದುಕೊಂಡಿದ್ದ ಮ್ಯುಟೆಂಟರು ಮತ್ತೆ ಶಕ್ತಿ ಪಡೆಯಬೇಕಾದರೆ ಸತ್ತು ಹುಟ್ಟಬೇಕು, ಆದರೆ ಸುಮ್ಮನೆ ಸಾಯುವಂತಿಲ್ಲ, ಜನರೆಲ್ಲ ನೋಡುತ್ತಿರುವಾಗ ಕತ್ತಿ ಹಿಡಿದು ಹೋರಾಡಿ ಸಾಯಬೇಕು. ಮೆಲೊಡಿ ಎಂಬ ಹುಡುಗಿ, ಹಿಂದೆ ಹಾರಬಲ್ಲವಳಾಗಿದ್ದವಳು, ಅಪೋಕ್ಯಾಲಿಪ್ಸ್ ಎಂಬ ಬೃಹತ್ ಕಾಯದವನ ಎದುರು ನಿಂತು ಬೀಳುತ್ತಾಳೆ, ಏಳುತ್ತಾಳೆ, ಮತ್ತೆ ಬೀಳುತ್ತಾಳೆ. ಅದನ್ನು ನೋಡಿದ ನೈಟ್‌ಕ್ರಾಲರ್ ಎಂಬ ಮ್ಯುಟೆಂಟ್, ದೇವರನ್ನು ನಂಬುವವನು, ಇಂಥ ಜನಕ್ಕೆ ಹೊಸದೊಂದು ಧರ್ಮವೇ ಬೇಕಾದೀತು ಎಂಬ ಯೋಚನೆಗೆ ಬೀಳುತ್ತಾನೆ. ಕೊನೆಯಲ್ಲಿ ಅವಳು ಹಾರುತ್ತಾಳೆ. ನನಗೆ ಸಂತೋಷವೂ ಆಯಿತು, ಈ ಸಂತೋಷ ಸರಿಯೇ ಎಂಬ ಅಳುಕೂ ಆಯಿತು. ಆ ಮಣಿಪುರದ ಮಗನ ಮುಖವನ್ನು ನೋಡಿದಾಗ ಆದದ್ದು ಕೂಡ ಇಂಥದ್ದೇ ಅಲ್ಲವೇ?

ಇಷ್ಟು ಹೇಳಿದ ಮೇಲೆ ಅದರ ಕೊನೆ ನನಗೆ ತೃಪ್ತಿ ಕೊಡಲಿಲ್ಲ ಎಂಬುದನ್ನೂ ಹೇಳಬೇಕು. 2024ರ ಜೂನ್‌ನಲ್ಲಿ ಕ್ರಕೋವಾದ ಕಾಲ ಮುಗಿಯಿತು. ಐದು ವರ್ಷ ಇಟ್ಟಿಗೆ ಇಟ್ಟಿಗೆಯಾಗಿ ಕಟ್ಟಿದ್ದನ್ನು ಆರು ತಿಂಗಳ ಗಡಿಬಿಡಿಯಲ್ಲಿ ಇಳಿಸಿಬಿಟ್ಟರು. ಸಾವಿಲ್ಲದ ಜನ ಮತ್ತೆ ಸಾವಿನ ಲೋಕಕ್ಕೆ ಬಂದಾಗ ಅವರೊಳಗೆ ಏನಾಯಿತು ಎಂಬುದೇ ದೊಡ್ಡ ಕಥೆಯಾಗಬಹುದಿತ್ತು. ಅದನ್ನು ಬಿಟ್ಟು ಮುಂದಿನ ತಿಂಗಳೇ ಹೊಸ ತಂಡ, ಹೊಸ ಮೊದಲನೆಯ ಸಂಚಿಕೆ ಎಂದು ಹೊರಟರು. ಆ ಹೊಸ ಪತ್ರಿಕೆಗಳನ್ನು ಓದುತ್ತಿದ್ದೇನೆ, ಮನಸ್ಸಿಗೆ ಅಂಟಿಲ್ಲ.

ಈಗ ನಿಮ್ಮ ಫ್ಯಾಂಟಮ್ ಕಡೆ ಬರುತ್ತೇನೆ. ಚಿತ್ರದುರ್ಗದ ಮನೆಯ ಅಟ್ಟದ ಮೇಲಿನ ತಗಡಿನ ಪೆಟ್ಟಿಗೆಯಲ್ಲಿ ನೀವು ಕೂಡಿಟ್ಟಿರುವ ಇಂದ್ರಜಾಲ ಕಾಮಿಕ್ಸುಗಳನ್ನು ಓದಿಯೇ ನಾನು ಈ ದಾರಿ ಹಿಡಿದದ್ದು. ಬೇಸಿಗೆ ರಜೆಯ ಮಧ್ಯಾಹ್ನ, ಕಾದ ತಗಡಿನ ವಾಸನೆ, ಮೂಲೆ ಮುರಿದು ಹಳದಿಯಾದ ಪುಟ, ಡೆಂಕಾಲಿಯ ಕಾಡು, ತಲೆಬುರುಡೆಯ ಗುಹೆ, ಎಲ್ಲವೂ ನನಗೆ ಒಟ್ಟಿಗೇ ನೆನಪಾಗುತ್ತವೆ. ಫ್ಯಾಂಟಮ್ ಬಗ್ಗೆ ಒಂದು ವಿಷಯ ಯೋಚಿಸಿ ನೋಡಿ. ಅವನಿಗೆ ಸಾವೇ ಇಲ್ಲ ಎಂದು ಕಾಡಿನ ಹೆಚ್ಚಿನವರು ನಂಬಿದ್ದಾರೆ. ಅವನು ಸಾಯುತ್ತಾನೆ, ಇವನು 21ನೆಯವನು ಎಂಬ ಗುಟ್ಟು ಓದುವ ನಮಗೆ ಗೊತ್ತು. ಈಗಿನ ಕಥೆಗಳಲ್ಲಿ ಇದು ತಲೆಕೆಳಗಾಗಿದೆ. ಕಥೆಯೊಳಗಿನವರು ವೀರ ಸತ್ತನೆಂದು ಅಳುತ್ತಾರೆ, ಅವನಿಗೆ ಸಾವಿಲ್ಲ ಎಂಬ ಗುಟ್ಟು ನಮಗೆ ಗೊತ್ತು. 1992ರ ನವೆಂಬರಿನಲ್ಲಿ ಸೂಪರ್‌ಮ್ಯಾನ್ ಸತ್ತ ಸಂಚಿಕೆಯನ್ನು ಕೊಳ್ಳಲು ಜನ ಅಂಗಡಿಗಳ ಮುಂದೆ ಸಾಲು ನಿಂತಿದ್ದರು. ಮರುವರ್ಷವೇ ಅವನು ಎದ್ದು ಬಂದ. ಅಂದಿನಿಂದ ಓದುಗರು ಹುಷಾರಾದರು. ಹಾಗಾಗಿ ನೀವು ಫ್ಯಾಂಟಮ್‌ನಲ್ಲಿ ಮೆಚ್ಚಿದ್ದು ಸಾವನ್ನಲ್ಲ, ಕಾಲವನ್ನು ಎಂದು ನನಗೆ ಅನ್ನಿಸುತ್ತದೆ. ಅವನು 1977ರಲ್ಲಿ ಡಯಾನಾಳನ್ನು ಮದುವೆಯಾದ, ಆಮೇಲೆ ಅವಳಿ ಮಕ್ಕಳಾದರು. ಮಗ ಬಂದು ಕೂರುತ್ತಾನೆ ಎಂಬ ನಿಮ್ಮ ನ್ಯಾಯ ನಿಂತಿರುವುದೇ ಕಾಲ ನಡೆಯುತ್ತದೆ ಎಂಬುದರ ಮೇಲೆ.

ಆ ಕಾಲ ನಡೆಯುವ ಕಥೆ ಈಗಲೂ ಇದೆ, ಅದನ್ನು ನೀವು ಓದಲೇಬೇಕು. ಸ್ಪೈಡರ್‌ಮ್ಯಾನಿನ ಪೀಟರ್ ಪಾರ್ಕರ್‌ಗೆ 1987ರಲ್ಲಿ ಮೇರಿ ಜೇನ್ ಜೊತೆ ಮದುವೆಯಾಗಿತ್ತು. 2007ರಲ್ಲಿ, ಸಾಯುತ್ತಿದ್ದ ಚಿಕ್ಕಮ್ಮನನ್ನು ಉಳಿಸಲು ಅವನು ಒಂದು ಪಿಶಾಚಿಯೊಡನೆ ಒಪ್ಪಂದ ಮಾಡಿಕೊಂಡ, ಅದರಿಂದ ಮದುವೆಯೇ ಆಗಿರಲಿಲ್ಲ ಎಂಬಂತಾಯಿತು. ಬೆಲೆ ತೆತ್ತರು, ಆದರೆ ತೆತ್ತವರಿಗೇ ಅದರ ನೆನಪಿಲ್ಲ. ನೆನಪಿಲ್ಲದ ಬೆಲೆ ಎಂಥ ಬೆಲೆ? ಅದಕ್ಕೆ ಉತ್ತರವೆಂಬಂತೆ 2024ರ ಜನವರಿಯಲ್ಲಿ ಅದೇ ಹಿಕ್‌ಮನ್ ಮತ್ತು ಚಿತ್ರಕಾರ ಮಾರ್ಕೊ ಕೆಕೆಟ್ಟೊ ಬೇರೊಂದು ಲೋಕದ ಸ್ಪೈಡರ್‌ಮ್ಯಾನನ್ನು ತಂದರು. ಇಲ್ಲಿ ಪೀಟರ್‌ಗೆ ಮೂವತ್ತೈದು ದಾಟಿದೆ, ಹೆಂಡತಿ, ಒಬ್ಬ ಮಗ, ಒಬ್ಬಳು ಮಗಳು ಇದ್ದಾರೆ. ಹದಿನೈದರಲ್ಲಿ ಕಚ್ಚಿ ಶಕ್ತಿ ಕೊಡಬೇಕಾಗಿದ್ದ ಜೇಡವನ್ನು ಯಾರೋ ಅವನಿಂದ ಕದ್ದಿದ್ದರು. ಈಗ ಅದು ತಡವಾಗಿ ಅವನ ಕೈಗೆ ಬಂದಿದೆ, ಕಚ್ಚಿಸಿಕೊಳ್ಳುವುದೋ ಬಿಡುವುದೋ ಅವನೇ ತೀರ್ಮಾನಿಸಬೇಕು. ನಮ್ಮ ಒಂದು ತಿಂಗಳು ಕಳೆದರೆ ಅವರಿಗೂ ಒಂದು ತಿಂಗಳು ಕಳೆಯುತ್ತದೆ. ನಾಲ್ಕನೆಯ ಸಂಚಿಕೆಯ ಬಹುಪಾಲು ಎರಡು ದಂಪತಿಗಳು ಹೋಟೆಲಿನಲ್ಲಿ ಊಟಕ್ಕೆ ಕೂತು ಮಾತನಾಡುವುದೇ. ಒಬ್ಬರ ಮಾತಿನ ಅಡಿಯಲ್ಲಿ ಇನ್ನೊಬ್ಬರಿಗೆ ತಿಳಿಯಬಾರದ ಗುಟ್ಟಿದೆ, ಹೆಂಡತಿಯ ಕಣ್ಣು ಗಂಡನ ಮುಖದ ಮೇಲಿದೆ. ಒಬ್ಬ ಖಳನೂ ಕಟ್ಟಡ ಉರುಳಿಸದ ಆ ಸಂಚಿಕೆಯನ್ನು ನಾನು ಮೂರು ಸಲ ಓದಿದ್ದೇನೆ. ಮನೆಯಿದ್ದವನು ರಾತ್ರಿ ಹೊರಗೆ ಹೋಗುವುದರ ಭಾರ ಅದರಲ್ಲಿ ಕಾಣುತ್ತದೆ.

ಇನ್ನು ನಾನು ಹುಡುಗನಿಗೆ ಕೊಟ್ಟ ಪುಸ್ತಕದ ಬಗ್ಗೆ. ಅದು 2024ರ ಅಕ್ಟೋಬರ್‌ನಲ್ಲಿ ಆರಂಭವಾದ ಅಬ್ಸಲ್ಯೂಟ್ ಬ್ಯಾಟ್‌ಮ್ಯಾನ್. ಬರೆದವರು ಸ್ಕಾಟ್ ಸ್ನೈಡರ್, ಚಿತ್ರ ನಿಕ್ ಡ್ರಗೊಟ್ಟ ಅವರದು. ಇದರಲ್ಲಿ ಬ್ಯಾಟ್‌ಮ್ಯಾನ್ ಆಗುವ ಬ್ರೂಸ್ ವೇಯ್ನ್ ಕೋಟ್ಯಧಿಪತಿಯಲ್ಲ. ಮೇಷ್ಟರ ಮಗ, ಊರಿನ ಎಂಜಿನಿಯರ್ ಕೆಲಸ ಮಾಡುವವನು. ಅಪ್ಪ ಶಾಲೆಯ ಮಕ್ಕಳನ್ನು ಮೃಗಾಲಯಕ್ಕೆ ಕರೆದುಕೊಂಡು ಹೋದ ದಿನ ಗುಂಡಿಗೆ ಬಲಿಯಾದರು, ತಾಯಿ ಬದುಕಿದ್ದಾಳೆ. ಅರಮನೆಯಿಲ್ಲ, ಮನೆಯಾಳಿಲ್ಲ, ಎದೆಯ ಮೇಲಿನ ಬಾವಲಿಯ ಗುರುತನ್ನೇ ಕಿತ್ತು ಕೊಡಲಿಯಾಗಿ ಹಿಡಿಯುತ್ತಾನೆ. ಪುಟ್ಟ, ನೀನು ಇನ್ನೂ ಓದಿಲ್ಲದಿದ್ದರೆ ಈ ಒಂದು ವಾಕ್ಯ ಕೇಳಬೇಡ: ಮುಂದೆ ಬೇನ್ ಎಂಬ ವೈರಿ ಬಂದಾಗ ಬ್ಯಾಟ್‌ಮ್ಯಾನಿನ ಹಠದ ಬೆಲೆಯನ್ನು ಅವನ ಬಾಲ್ಯದ ಗೆಳೆಯರು ತಮ್ಮ ಮೈಯಿಂದ ತೆರಬೇಕಾಗುತ್ತದೆ. ಹಿಂಸೆ ಹೆಚ್ಚು ಎಂಬ ಅಕ್ಕನ ಆತಂಕ ಸರಿಯಾದದ್ದೇ, ಚಿಕ್ಕ ಮಕ್ಕಳಿಗೆ ನಾನು ಅದನ್ನು ಕೊಡುತ್ತಿರಲಿಲ್ಲ. ಹದಿನೇಳರ ಹುಡುಗನಿಗೆ ಕೊಟ್ಟದ್ದು, ದುಡ್ಡಿಲ್ಲದವನು ಎದುರು ನಿಂತರೆ ಏನೇನು ಕಳೆದುಕೊಳ್ಳುತ್ತಾನೆ ಎಂಬುದನ್ನು ಅದು ಮುಚ್ಚುಮರೆಯಿಲ್ಲದೆ ತೋರಿಸುತ್ತದೆ ಎಂಬ ಕಾರಣಕ್ಕೆ. ಇದೇ ಸಾಲಿನ ವಂಡರ್ ವುಮನ್ ಕೂಡ ಚೆನ್ನಾಗಿದೆ, ನರಕದಲ್ಲಿ ಬೆಳೆದರೂ ಕರುಣೆ ಬಿಡದ ಹೆಣ್ಣಿನ ಕಥೆ. ಅದನ್ನು ಚಿಕ್ಕಮ್ಮನಿಗೆ ಆಮೇಲೆ ಬೇರೆಯಾಗಿ ಹೇಳುತ್ತೇನೆ.

ಭಾನುವಾರ ದಾವಣಗೆರೆಯಿಂದ ಬೆಳಗಿನ ಬಸ್ಸಿಗೆ ಬರುತ್ತೇನೆ ದೊಡ್ಡಪ್ಪ. ಸ್ಪೈಡರ್‌ಮ್ಯಾನಿನ ಮೊದಲ ಸಂಪುಟ ತರುತ್ತೇನೆ, ಆ ಊಟದ ಸಂಚಿಕೆ ಅದರಲ್ಲೇ ಇದೆ. ಇಂಗ್ಲಿಷ್ ಎಂದು ನೀವು ಪಕ್ಕಕ್ಕಿಡಬೇಡಿ, ಜೊತೆಯಲ್ಲಿ ಕೂತು ಒಂದೊಂದು ಪುಟವನ್ನೂ ಕನ್ನಡದಲ್ಲಿ ಹೇಳುತ್ತೇನೆ. ನೀವು ಅಟ್ಟದ ಪೆಟ್ಟಿಗೆಯ ಬೀಗದ ಕೈ ಹುಡುಕಿಡಿ. ಫ್ಯಾಂಟಮ್ ಮದುವೆಯ ಸಂಚಿಕೆ ಅದರಲ್ಲಿದ್ದರೆ ಹುಡುಗನಿಗೆ ನೀವೇ ಓದಿ ಹೇಳಬೇಕು.